ಎಂಟನೇ ಬಿ ವಿಭಾಗದ ನ್ಯಾಯಾಲಯ

"ಸೈಲೆನ್ಸ್! ಕೋರ್ಟ್ ಶುರುವಾಗಿದೆ," ಎಂದು ಅಂಜನಾ ಡಸ್ಟರಿನಿಂದ ಮೇಜು ಕುಟ್ಟಿದಳು. ಎದ್ದ ಸೀಮೆಸುಣ್ಣದ ಪುಡಿಗೆ ಅವಳೇ ಎರಡು ಸಲ ಸೀನಿದಳು. ತರಗತಿ ಗೊಳ್ಳೆಂದು ನಕ್ಕಿತು. ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂತಿದ್ದ ಸಂಘಮಿತ್ರಾ ಮಿಸ್ ಮಾತ್ರ ನಗಲಿಲ್ಲ. ನ್ಯಾಯಾಧೀಶರು ಸೀನಿದರೆ ನಗಬಾರದು ಎಂಬುದು ಅವಳ ಅಭಿಪ್ರಾಯ.

ಕುಮಾರಸ್ವಾಮಿ ಲೇಔಟಿನ ಆ ಶಾಲೆಗೆ ಅವಳು ಸಮಾಜ ವಿಜ್ಞಾನದ ಟೀಚರಾಗಿ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಸಂವಿಧಾನದ ಪಾಠ ಬಂದಾಗ ಉಳಿದವರ ಹಾಗೆ ಬೋರ್ಡಿನ ಮೇಲೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬರೆದು, ಮಕ್ಕಳಿಂದ ಅಡಿಗೆರೆ ಎಳೆಸಿ ಕೈ ತೊಳೆದುಕೊಳ್ಳಬಹುದಿತ್ತು. ಅವಳಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಎಂಟನೇ ಬಿ ವಿಭಾಗಕ್ಕೇ ಒಂದು ಸಂವಿಧಾನ ಮಾಡಿಸಿದಳು. ಓಟು ಹಾಕಿ ಆರಿಸಿದ ಶಾಸಕರು ತರಗತಿಗೆ ನಿಯಮ ಮಾಡಬೇಕು. ಅವರಲ್ಲೇ ಮಂತ್ರಿಗಳಾದವರು ಅದನ್ನು ಜಾರಿಗೆ ತರಬೇಕು. ಜಗಳ ಬಂದರೆ ಈ ಎರಡೂ ಗುಂಪಿಗೆ ಸೇರದ ಮೂವರು ನ್ಯಾಯಾಧೀಶರು ತೀರ್ಮಾನ ಹೇಳಬೇಕು. ಫ್ಯಾನಿನ ಕೆಳಗೆ ಯಾರು ಯಾವತ್ತು ಕೂರಬೇಕೆಂದು ಆ ಪುಟ್ಟ ಶಾಸಕರು ಎರಡು ಪೀರಿಯಡ್ ಚರ್ಚಿಸಿದ್ದರು. ದೊಡ್ಡ ಶಾಸಕರಿಗೆ ಅಷ್ಟು ತಾಳ್ಮೆ ಇದ್ದಿದ್ದರೆ ನಮ್ಮ ಪಾಡು ಬೇರೆಯಾಗಿರುತ್ತಿತ್ತು.

ಮೊದಲ ದಿನವೇ ಯಾರೋ ಕೇಳಿದ್ದರು: "ಮಿಸ್, ಕೋರ್ಟ್ ಹೇಳಿದ್ದು ನಿಮ್ಗೇ ಇಷ್ಟ ಆಗ್ಲಿಲ್ಲ ಅಂದ್ರೆ?"

"ಇಷ್ಟ ಆಗ್ದೇ ಇದ್ರೂ ನಾನು ಕೇಳ್ಬೇಕು."

"ಎಚ್ಚೆಮ್ ಮೇಡಂ?"

"ಅವ್ರೂ ಅಷ್ಟೇ. ಮಂತ್ರಿ ಆಗ್ಲಿ, ಮಿಸ್ ಆಗ್ಲಿ, ಕೋರ್ಟಿಗೆ ಹೋಗಿ ಹಿಂಗೇ ತೀರ್ಪು ಕೊಡು ಅಂತ ಯಾರೂ ಹೇಳೋ ಹಾಗಿಲ್ಲ." ಹಾಗೆ ಹೇಳುವಾಗ ಅವಳ ಎದೆ ಉಬ್ಬಿತ್ತು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಇವತ್ತಿನ ಕೇಸು ಊಟದ ಡಬ್ಬಿಯದು. ಇನ್ನೊಬ್ಬರ ಡಬ್ಬಿ ನೋಡಿ ಯಾರೂ ಮುಖ ಸಿಂಡರಿಸಬಾರದು ಎಂದು ಶಾಸಕರು ಒಮ್ಮತದಿಂದ ನಿಯಮ ಮಾಡಿದ್ದರು. ಅದಾಗಿ ವಾರದೊಳಗೆ ಚೈತನ್ಯ ಎಂಬ ಹುಡುಗ ಚಪಾತಿ, ಮೊಟ್ಟೆ ಪಲ್ಯ ತಂದಿದ್ದ. ಪಕ್ಕದ ರೇವಂತ್ "ಥೂ, ಏನ್ ನಾತ ಗುರು!" ಎಂದು ಡಬ್ಬಿಯನ್ನು ಕೈಯಲ್ಲಿ ಮುಟ್ಟದೆ ಸ್ಕೇಲಿನಿಂದ ತಳ್ಳಿದ್ದ. ಡಬ್ಬಿ ಕೆಳಗೆ ಬಿದ್ದು ಪಲ್ಯ ನೆಲದ ಪಾಲಾಗಿತ್ತು. ಚೈತನ್ಯ ಅವತ್ತು ಉಪವಾಸ.

ಸಾಕ್ಷಿಗಳ ವಿಚಾರಣೆ ಮುಗಿಯಿತು. ಮೂವರು ನ್ಯಾಯಾಧೀಶರು ಬಾಗಿಲ ಹಿಂದೆ ಹೋಗಿ ಗುಸುಗುಸು ಮಾತಾಡಿ ಬಂದರು. ಅಂಜನಾ ಹಾಳೆ ಹಿಡಿದು ಓದಿದಳು: "ತಪ್ಪು ರೇವಂತಂದು. ಅವ್ನು ಎಲ್ಲರ ಮುಂದೆ ಸಾರಿ ಕೇಳ್ಬೇಕು. ಒಂದು ವಾರ ಚೈತನ್ಯನ ಪಕ್ಕದಲ್ಲೇ ಕೂತು ಊಟ ಮಾಡ್ಬೇಕು. ಯಾಕಂದ್ರೆ ಪಕ್ಕದಲ್ಲಿ ಕೂತು ಅಭ್ಯಾಸ ಆದ್ರೆ ನಾತ ಅನ್ಸಲ್ಲ."

ಸಂಘಮಿತ್ರಾ ಬೆರಗಾದಳು. ಹದಿಮೂರು ವರ್ಷದ ಹುಡುಗಿಗೆ ಇಂಥ ಶಿಕ್ಷೆ ಹೊಳೆದದ್ದಾದರೂ ಹೇಗೆ!

ಆ ಸಂಜೆ ಪುಟ್ಟೇನಹಳ್ಳಿಯ ಮನೆಯಲ್ಲಿ ಅಪ್ಪ ಚಲುವರಾಜು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರಿಗೆ ಈಗ ಟೀವಿಗಿಂತ ಮಗಳ ಕೋರ್ಟೇ ಹೆಚ್ಚು. "ನೋಡಮ್ಮ, ಬಾಬಾಸಾಹೇಬ್ರು ಬರ್ದಿದ್ದು ಪುಸ್ತಕದಲ್ಲಿ ಇರ್ಲಿ ಅಂತಲ್ಲ. ನೀನು ಅದ್ನ ಬೆಂಚಿನ ಮೇಲೆ ತಂದಿಟ್ಟೆ," ಎಂದರು. ಅಮ್ಮ ಈಶ್ವರಮ್ಮನಿಗೆ ಬೇರೆಯದೇ ಚಿಂತೆ. "ಮಗುಗೆ ಅವತ್ತು ಯಾರಾದ್ರೂ ಊಟ ಕೊಟ್ರಾ?" ಎಂದು ಕೇಳಿದರು. ತನ್ನ ಮೊಸರನ್ನದ ಡಬ್ಬಿಯನ್ನು ಅವನಿಗೆ ಕೊಡಬಹುದಿತ್ತಲ್ಲ ಎಂದು ಮಗಳಿಗೆ ಆಗ ಹೊಳೆಯಿತು. ಸ್ಟಾಫ್ ರೂಮಿಗೆ ಅವಳು ಒಯ್ಯುತ್ತಿದ್ದುದು ಯಾವಾಗಲೂ ಮೊಸರನ್ನ, ಚಿತ್ರಾನ್ನ, ಉಪ್ಪಿಟ್ಟು ಮಾತ್ರ. ಮನೆಯಲ್ಲಿ ಮಾಡುವ ಬೇರೆ ಅಡುಗೆ ಆ ಡಬ್ಬಿಯನ್ನು ಎಂದೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಎಚ್ಚೆಮ್ ಜಯಶೀಲಾ ಮೇಡಂ ಕರೆಸಿದರು. ಅವರ ಎದುರಿಗೆ ರೇವಂತನ ತಂದೆ ವಿಜಯಕುಮಾರ್ ಕಾಫಿ ಕುಡಿಯುತ್ತಿದ್ದರು. ಜಯನಗರದಲ್ಲಿ ಪಾತ್ರೆ ಅಂಗಡಿ. ಶಾಲೆಯ ಟ್ರಸ್ಟಿಗಳಲ್ಲಿ ಒಬ್ಬರು. ಸಂಘಮಿತ್ರಾ ಒಳಗೆ ಬಂದದ್ದೇ ಎದ್ದು ನಿಂತರು.

"ಕೂತ್ಕೊಳ್ಳಿ ಮೇಡಂ. ಮಕ್ಕಳಿಗೆ ಚೆನ್ನಾಗಿ ಹೇಳ್ಕೊಡ್ತಿದೀರ. ರೇವಂತ್ ಮನೇಲೂ ಅದೇ ಮಾತು, ಶಾಸಕಾಂಗ, ಕಾರ್ಯಾಂಗ ಅಂತ. ತಪ್ಪು ಅವನ್ದೇ. ಸಾರಿ ಕೇಳ್ಲಿ, ನಾನೇ ಹೇಳಿದೀನಿ. ಆದ್ರೆ ಪಕ್ಕ ಕೂರೋದು ಅಂದ್ರೆ... ನಮ್ಮ ತಾಯಿ ಹಳೇ ಕಾಲದವ್ರು. ಕೇಳಿ ನಿನ್ನೆ ರಾತ್ರಿ ಸರಿಯಾಗಿ ಊಟಾನೇ ಮಾಡ್ಲಿಲ್ಲ. ಅದೊಂದನ್ನ ಒಂಚೂರು ನೋಡಿ."

"ಮಕ್ಕಳ ಆಟ ತಾನೇ. ನೀವೇನಂತೀರ?" ಎಂದು ಎಚ್ಚೆಮ್ ಮೇಡಂ ಮೆತ್ತಗೆ ಕೇಳಿದರು.

ಯಾರೂ ದನಿ ಏರಿಸಲಿಲ್ಲ. ಯಾರೂ ಹೆದರಿಸಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ನಿಜ. ಆದರೆ ಆ ಮಾತನ್ನು ಅಲ್ಲಿ ಯಾರೂ ಎತ್ತಲೂ ಇಲ್ಲ. "ಕೋರ್ಟಿಗೆ ನಾನು ಹೇಳೋ ಹಾಗಿಲ್ಲ ಸಾರ್, ನೀವು ಮಕ್ಕಳ ಹತ್ರಾನೇ ಕೇಳ್ಕೊಳ್ಳಿ," ಎಂದು ನಗುತ್ತಾ ಹೇಳಿದ್ದರೆ ಆ ಮನುಷ್ಯ ಬಹುಶಃ ನಗುತ್ತಲೇ ಒಪ್ಪುತ್ತಿದ್ದರು. ಅವಳ ಬಾಯಿಂದ ಬಂದದ್ದೇ ಬೇರೆ.

"ಅಯ್ಯೋ, ಅದಕ್ಯಾಕೆ ಇಷ್ಟು ದೂರ ಬಂದ್ರಿ ಸಾರ್? ನಾನೇ ಸರಿ ಮಾಡ್ತೀನಿ. ಇಬ್ರದ್ದೂ ತಪ್ಪಿತ್ತು ಅಂತ ಹೇಳಿಸ್ಬಿಡ್ತೀನಿ."

ವಿಜಯಕುಮಾರ್ ಕಪ್ಪು ಕೆಳಗಿಟ್ಟು ಅವಳನ್ನೇ ನೋಡಿದರು. ಅವರು ಕೇಳಿದ್ದು ಅಷ್ಟೊಂದಲ್ಲ. "ಇಬ್ರದ್ದೂ ಅಂತ ನಾನು..." ಎಂದು ಶುರು ಮಾಡಿ, ಯಾಕೋ ಮುಂದುವರಿಸಲಿಲ್ಲ. ಕೊಡೆನೆಂದರೂ ನಡೆಯುತ್ತಿದ್ದ ಕಡೆ, ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಅವಳು ಎದ್ದು ಬಂದಿದ್ದಳು.

ಅಂಜನಾ ನಲ್ಲಿಯ ಹತ್ತಿರ ಬಾಟಲಿಗೆ ನೀರು ಹಿಡಿಯುತ್ತಿದ್ದಳು.

"ಅಂಜನಾ, ಆ ಕೇಸ್ ಇನ್ನೊಂದ್ಸಲ ಯೋಚ್ನೆ ಮಾಡ್ಬೇಕು ಪುಟ್ಟಿ."

"ತೀರ್ಪು ಕೊಟ್ಟಾಯ್ತಲ್ಲ ಮಿಸ್?"

"ಕೊಟ್ಟಿದ್ದೀರ. ಆದ್ರೆ ಇಬ್ರದ್ದೂ ಸ್ವಲ್ಪ ಸ್ವಲ್ಪ ತಪ್ಪಿದೆ ಅಂತ ಬರೆದ್ರೆ ಎಲ್ಲಾರ್ಗೂ ಸಮಾಧಾನ ಆಗುತ್ತೆ. ಪಕ್ಕ ಕೂರೋದು ಬೇಡ."

ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿದ್ದರೂ ಹುಡುಗಿ ನಲ್ಲಿ ನಿಲ್ಲಿಸಲಿಲ್ಲ. "ಚೈತನ್ಯಂದೇನು ತಪ್ಪು ಮಿಸ್?"

"ಅವ್ನು... ಪಕ್ಕದವ್ರಿಗೆ ವಾಸನೆ ಬರುತ್ತೆ ಅಂತ ಗೊತ್ತಿದ್ದೂ ತಂದ್ನಲ್ವಾ."

ಆ ಮಾತನ್ನು ಸಂಘಮಿತ್ರಾ ಮೊದಲು ಕೇಳಿದ್ದು ಮೂರನೇ ಕ್ಲಾಸಿನಲ್ಲಿ, ತನ್ನದೇ ಡಬ್ಬಿಯ ಮುಂದೆ ಕೂತು. ಅವತ್ತು ಮನೆಗೆ ಓಡಿ ಬಂದು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಿದ್ದಳು. ಈಗ ಅದೇ ಮಾತು ತನ್ನ ಬಾಯಲ್ಲಿ ಇಷ್ಟು ಸರಾಗವಾಗಿ ಬಂದದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಹಿಂತೆಗೆದುಕೊಳ್ಳಲು ಸಮಯವಿತ್ತು. ಅಂಜನಾ ಅವಳ ಮುಖ ನೋಡುತ್ತಾ ನಿಂತಿದ್ದಳು. ಮಿಸ್ ನಲ್ಲಿ ನಿಲ್ಲಿಸಿದಳು.

"ಸರಿ ಮಿಸ್," ಎಂದಳು ಹುಡುಗಿ.

ಮಧ್ಯಾಹ್ನ ಅಂಜನಾ ಉಳಿದಿಬ್ಬರು ನ್ಯಾಯಾಧೀಶರನ್ನೂ ಒಪ್ಪಿಸಿ ಹೊಸ ತೀರ್ಪು ಓದಿದಳು. ಇಬ್ಬರೂ ಪರಸ್ಪರ ಸಾರಿ ಕೇಳಬೇಕು, ಮುಂದೆ ಹುಷಾರಾಗಿರಬೇಕು. ಮೊದಲು ಎದ್ದವನು ಚೈತನ್ಯ. ಕೈಕಟ್ಟಿಕೊಂಡು, "ಸಾರಿ ರೇವಂತ್, ಇನ್ಮೇಲೆ ತರಲ್ಲ," ಎಂದ.

ರೇವಂತ್ ತಟ್ಟನೆ ಎದ್ದು ನಿಂತ. "ಅವ್ನ್ಯಾಕೆ ಮಿಸ್ ಸಾರಿ ಕೇಳ್ತಿದಾನೆ? ಬೀಳ್ಸಿದ್ದು ನಾನಲ್ವಾ?"

ತಪ್ಪು ಮಾಡಿದವನೇ ನ್ಯಾಯ ಕೇಳುತ್ತಿದ್ದ. ಇಡೀ ತರಗತಿ ಕೊನೆಯ ಬೆಂಚಿನ ಕಡೆ ತಿರುಗಿತು. ಸಂಘಮಿತ್ರಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೂತ್ಕೋ ರೇವಂತ್. ಕೋರ್ಟ್ ಹೇಳಿದ್ಮೇಲೆ ಮುಗೀತು," ಎಂದಳು.

ಸಂಜೆ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ಏನಮ್ಮ, ಆ ಹುಡುಗ ಪಕ್ಕ ಕೂತ್ನಾ?"

"ಕೂತ್ಕೊಂಡ ಅಪ್ಪ."

"ಶಭಾಷ್! ಈ ವಿಷ್ಯ ಪಿಳ್ಳಣ್ಣಂಗೂ ಹೇಳ್ಬೇಕು," ಎಂದು ಅವರು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೊರಟೇಬಿಟ್ಟರು. ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು. ಸಂಘಮಿತ್ರಾ ಕಿಟಕಿ ಮುಚ್ಚಿದಳು. ಮುಚ್ಚಿದರೂ ಕೇಳುತ್ತಿತ್ತು. ಅಮ್ಮ ತಟ್ಟೆ ಇಟ್ಟು ಕರೆದಾಗ ಹಸಿವಿಲ್ಲ ಎಂದಳು. ಆ ದಿನ ಅವಳು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಆಮೇಲೆ ಎಲ್ಲ ಮಾಮೂಲಿನಂತೆ ನಡೆಯಿತು. ಚೈತನ್ಯನ ಡಬ್ಬಿಯಲ್ಲಿ ಈಗ ಟೊಮೇಟೊ ಬಾತ್ ಇರುತ್ತಿತ್ತು. ಮಕ್ಕಳು ಜಗಳವಾಡಿದರು, ರಾಜಿಯಾದರು, ಶಾಸಕರು ಕಿಟಕಿಯ ಬಗ್ಗೆ ಹೊಸ ನಿಯಮ ಮಾಡಿದರು. ಪಾಪ, ಚಿಕ್ಕವರು, ಮರೆತಿದ್ದಾರೆ ಎಂದು ಸಂಘಮಿತ್ರಾ ನಂಬಿಕೊಂಡಳು. ನಂಬುವುದು ಅವಳಿಗೆ ಅನುಕೂಲವೂ ಆಗಿತ್ತು.

ಒಂದು ಗುರುವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಅಂಜನಾ ನಿಂತಿದ್ದಳು. "ಮೇ ಐ ಕಮ್ ಇನ್ ಮಿಸ್? ನಾಳೆ ಕೇಸ್ ಇದೆ. ಐಶ್ವರ್ಯನ ಡ್ರಾಯಿಂಗನ್ನ ಕ್ಲೀನಿಂಗ್ ಮಿನಿಸ್ಟರ್ ಕಸ ಅಂತ ಬಿಸಾಕ್ಬಿಟ್ಟಿದಾನೆ."

"ಹೌದಾ? ಇಬ್ರ ಮಾತೂ ಸರಿಯಾಗಿ ಕೇಳಿ ತೀರ್ಪು ಕೊಡಿ ಪುಟ್ಟಿ." ಹಾಗೆ ಹೇಳಲು ಸಿಕ್ಕಿದ್ದಕ್ಕೆ ಅವಳಿಗೆ ಎಷ್ಟೋ ಹಗುರವೆನಿಸಿತು.

"ಅದಕ್ಕೇ ಬಂದೆ ಮಿಸ್." ಹುಡುಗಿ ಮೇಜಿನ ಅಂಚಿನಲ್ಲಿ ಬಿಳಿ ಹಾಳೆ ಹರಡಿದಳು. "ಏನು ತೀರ್ಪು ಕೊಡ್ಬೇಕು ಅಂತ ಈಗ್ಲೇ ಹೇಳ್ಬಿಟ್ರೆ ನೀಟಾಗಿ ಬರ್ಕೊಂಡ್ಬಿಡ್ತೀನಿ. ಹೋದ್ಸಲ ಹೊಡೆದು ಹಾಕಿ ಬರೀಬೇಕಾಯ್ತಲ್ವಾ."

ಆ ಮುಖದಲ್ಲಿ ಕೊಂಕಿರಲಿಲ್ಲ, ಕೋಪವೂ ಇರಲಿಲ್ಲ. ಉಕ್ತಲೇಖನಕ್ಕೆ ಕೂತ ಜಾಣ ಹುಡುಗಿಯ ಮುಖ, ಅಷ್ಟೇ. ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಹಾಳೆಯ ಮೊದಲ ಸಾಲಿನ ಮೇಲೆ ತುದಿಯಿಟ್ಟು, ಅವಳು ಮಿಸ್ ಬಾಯಿ ತೆರೆಯುವುದನ್ನು ಕಾಯುತ್ತಿದ್ದಳು.