ಡ್ಯಾಶ್‌ಬೋರ್ಡಿನ ಕೆಳಗಿನ ಸದ್ದು

ಕೀಲಿಯನ್ನು ಎರಡನೆಯ ಸಲ ತಿರುಗಿಸಿದ ಮೇಲೆ ಬೀಗ ಹೊಸದೆಂದು ಇದಾಲಿಯಾಗೆ ಹೊಳೆಯಿತು.

ಗೇಟಿನಾಚೆ ಹಳೆಯ ಕಾರುಗಳು ಗಾಜಿನ ಮೇಲೆ ಬೆಲೆ ಬರೆಸಿಕೊಂಡು ಸಾಲಾಗಿ ನಿಂತಿದ್ದವು. ಕಚೇರಿಯ ಬಾಗಿಲಿಗೆ ಒಂದು ಕಾಗದ: ವ್ಯವಹಾರ ನಿಂತಿದೆ. ಸಹಿ ಇರಲಿಲ್ಲ. ಗುರುವಾರ, ಯಜಮಾನ ಹಾಲಿಸ್ ಎಲ್ಲರಿಗೂ ಟಾಕೊ ತರುವ ದಿನ. ಅದನ್ನು ನಂಬಿ ಅವಳು ಏನೂ ತಿನ್ನದೆ ಬಂದಿದ್ದಳು.

ಫೋನಿನಲ್ಲಿ ಸಹೋದ್ಯೋಗಿಯ ಸಂದೇಶವಿತ್ತು: ಹಾಲಿಸ್ ಒಂದೇ ಕಾರನ್ನು ಎರಡೆರಡು ಬ್ಯಾಂಕಿಗೆ ಒತ್ತೆಯಿಟ್ಟಿದ್ದನಂತೆ, ನಿನ್ನೆಯೇ ಊರು ಬಿಟ್ಟನಂತೆ. ಬ್ಯಾಂಕುಗಳಿಗೆ ಹೋದ ಕಾರುಗಳ ಪಟ್ಟಿಗಳನ್ನು ಟೈಪು ಮಾಡಿದವಳು ಇದಾಲಿಯಾ. ಒಂದೇ ನಂಬರು ಎರಡು ಕಡೆ ಬಂದದ್ದು ಕಣ್ಣಿಗೆ ಬಿದ್ದಿತ್ತು. ಕೇಳಿರಲಿಲ್ಲ. ಮನಃಶಾಸ್ತ್ರ ಓದಿದವಳಿಗೆ, ಹಾಗೆ ಕೇಳದೆ ಇರುವುದಕ್ಕೂ ಒಂದು ಹೆಸರಿದೆಯೆಂದು ಗೊತ್ತಿತ್ತು.

ಬೆನ್ನ ಹಿಂದೆ ಕಾರೊಂದು ಬಂದು ನಿಂತಿತು. ಒಳಗಿನಿಂದ ಕೀಂಕ್, ಕೀಂಕ್.

ಬೇರೆಲ್ಲೂ ಸಾಲ ಹುಟ್ಟದವರಿಗೆ ಕಾರು ಮಾರುವಾಗ ಡ್ಯಾಶ್‌ಬೋರ್ಡಿನ ಕೆಳಗೊಂದು ಪೆಟ್ಟಿಗೆ ಕೂರಿಸುತ್ತಿದ್ದರು. ಕಂತು ಬಂದರೆ ಇದಾಲಿಯಾ ತನ್ನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವಳು. ಪೆಟ್ಟಿಗೆ ವಾರದ ಮಟ್ಟಿಗೆ ಬಾಯಿ ಮುಚ್ಚುವುದು. ಇಲ್ಲವಾದರೆ ಗುರುವಾರ ಕಚೇರಿ ತೆರೆಯುವ ಹೊತ್ತಿಗೇ ಕೂಗಲು ಶುರು, ಶನಿವಾರ ಎಂಜಿನ್ನೇ ಏಳದು. ಸದ್ದು ತಡೆಯಲಾಗದೆಂದು ಫೋನು ಮಾಡಿದವರಿಗೆ ಅವಳು ರೇಡಿಯೊ ಜೋರಾಗಿಟ್ಟುಕೊಳ್ಳಿ ಎನ್ನುತ್ತಿದ್ದಳು.

ಇಳಿದವಳು ಹೆರ್ಲಿಂದಾ. ಜ್ಞಾನಸ್ನಾನದ ದಿನ ಇದಾಲಿಯಾಳ ಮಗಳನ್ನು ಎತ್ತಿಕೊಂಡು ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಡಹುಟ್ಟಿದವರಿಗಿಂತ ಹೆಚ್ಚು. ಅವಳಿಗೆ ಕೆಲಸ ನಲವತ್ತು ಮೈಲಿಯಾಚೆ, ಕೋಳಿ ಕಾರ್ಖಾನೆಯಲ್ಲಿ. ಬಸ್ಸಿಲ್ಲ. ಶನಿವಾರದ ಪಾಳಿ ತಪ್ಪಿದರೆ ಕೆಲಸವೂ ಇಲ್ಲ. ಈ ಕಾರಿನ ಸಾಲದ ಅರ್ಜಿಯಲ್ಲಿ ಅವಳ ಒಂದು ಪಾಳಿಯನ್ನು ಎರಡೆಂದು ಬರೆದವಳು ಇದಾಲಿಯಾ. ಉಪಕಾರವೆಂದು.

"ದುಡ್ಡು ತಂದಿದೀನಿ ಕೊಮಾದ್ರೆ. ತಗೋ, ಗುಂಡಿ ಒತ್ತು."

"ಕಂಪ್ಯೂಟರ್ ಒಳಗಿದೆ."

"ಬೀಗ ತೆಗಿ."

"ಬೀಗ ನಮ್ಮದಲ್ಲ."

ಹೆರ್ಲಿಂದಾ ಕಾಗದವನ್ನು ದೂರದಿಂದಲೇ ನೋಡಿದಳು. "ಈಸ್ಕೊಳ್ಳೋಕೂ ಗತಿ ಇಲ್ವಾ ನಿಮಗೆ? ಕೊಡದೆ ಇದ್ದಾಗ ನನ್ ಪಾದ್ರಿಗೂ ಫೋನ್ ಮಾಡಿದ್ರಲ್ಲ."

ಆ ಫೋನು ಮಾಡಿದವಳು ತಾನೇ ಎಂಬುದು ಅವಳಿಗೆ ಗೊತ್ತೇ ಎಂದು ಇದಾಲಿಯಾ ಅವಳ ಮುಖದಲ್ಲಿ ಹುಡುಕಿದಳು. ತಿಳಿಯಲಿಲ್ಲ.

"ನಿನ್ ಕಾರಲ್ಲಿ ಆ ಶನಿ ಇಲ್ಲ, ಅಲ್ವಾ?"

"ಇಲ್ಲ. ಹಾಲಿಸ್ ತೆಗೆಸಿಕೊಟ್ರು." ನೀನು ನಮ್ಮ ಮನೆಯವಳು, ಎಂದಿದ್ದ. ಕಂತು ಸಂಬಳದಲ್ಲೇ ಹೋಗುತ್ತಿತ್ತು.

"ಹಂಗಾದ್ರೆ ಶನಿವಾರ ನೀನೇ ಬಿಡು ನನ್ನ."

"ನೋಡೋಣ."

"ನೋಡೋದೇನು?"

ಇದಾಲಿಯಾ ತನ್ನ ಕಾರಿನ ಬಾಗಿಲು ತೆರೆದು ಕೂತಳು. ಕೀಲಿ ತಿರುಗಿಸಿದಳು.

ಕೀಂಕ್.

ಮೊದಲಿಗೆ ಅದು ಹೆರ್ಲಿಂದಾಳ ಕಾರಿನದೆಂದುಕೊಂಡಳು. ಮತ್ತೆ ಮೊಣಕಾಲಿನ ಪಕ್ಕದಲ್ಲೇ, ಕೀಂಕ್. ಅಂದರೆ ಕಾರು ಕೊಂಡಾಗಿನಿಂದ ಎರಡು ವರ್ಷ ಯಾರೋ ಕಚೇರಿಯೊಳಗೆ ಕೂತು ವಾರವಾರವೂ ಅದನ್ನು ಸುಮ್ಮನಾಗಿಸುತ್ತಿದ್ದರು.

ಹೆರ್ಲಿಂದಾ ಕಿಟಕಿಗೆ ಬಾಗಿದಳು. "ಇಲ್ಲ ಅಂದೆ," ಎಂದಳು, ಅಷ್ಟೆ. ನಗಲೂ ಇಲ್ಲ, ಬೈಯಲೂ ಇಲ್ಲ. ತನ್ನ ಕಾರಿಗೆ ಹೋಗಿ ಹತ್ತಿದಳು. ಅವಳ ಕಾರಿನ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸಿತು.

ಇದಾಲಿಯಾ ಬಗ್ಗಿ ನೋಡಿದಳು. ಪೆಟ್ಟಿಗೆಯ ಮೇಲೆ ಚೀಟಿ: ತೊಂದರೆಯಾದಲ್ಲಿ ಕರೆ ಮಾಡಿ. ಬಾಯಿಪಾಠವಿದ್ದ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿದಳು.

ಗೇಟಿನಾಚೆ, ಕಚೇರಿಯ ಗಾಜಿನ ಹಿಂದೆ, ಅವಳ ಮೇಜಿನ ಫೋನಿನ ಕೆಂಪು ದೀಪ ಮಿಣುಕತೊಡಗಿತು. ಕಿವಿಯಲ್ಲಿ ಹಿಂದೆಂದೋ ಮುದ್ರಿಸಿಟ್ಟ ಅವಳದೇ ದನಿ: ದಯವಿಟ್ಟು ಲೈನಿನಲ್ಲಿರಿ, ನೀವು ನಮ್ಮ ಮನೆಯವರು.

ಅವಳು ಲೈನಿನಲ್ಲಿದ್ದಳು. ಕುರ್ಚಿಯಲ್ಲಿ ಅವಳ ನೀಲಿ ಸ್ವೆಟರು ಎರಡೂ ತೋಳು ಇಳಿಬಿಟ್ಟು ಕೂತಿತ್ತು. ಫೋನು ಎತ್ತಲಿಲ್ಲ.