ಅಂಗುಳದ ಬೂಚು

“ಇಷ್ಟು ಮಂದಿ ಮುಂದ ನನ್ನ ಸುಳ್ಳುಬುರುಕ ಅಂತೀರೇನ್ರಿ?”

“ಮತ್ತೇನು ಅನ್ನಲಿ? ದಿನಾ ‘ಬೂಚು ಹಾಕಿದ್ದೀರಾ’ ಅಂತ ಕೇಳಿದ್ದೇವೆ. ದಿನಾ ಹೂಂ ಅಂತ ತಲೆ ಆಡಿಸಿದ್ದೀರಿ!”

“ಆ ಬೂಚ ನಿಮ್ಮ ಬಾಯಾಗ ಇಟಗೊಂಡ ನೋಡ್ರಿ ಒಮ್ಮೆ. ಆಮ್ಯಾಲ ಮಾತಾಡ್ರಿ!”

ಆ ಬೂಚು ನಾನೇ. ಕೂಗಾಡುತ್ತಿದ್ದವನು ಫಕೀರಪ್ಪ, ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಎದುರು ನಿಂತವರು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಿರಣದ ಲೆಕ್ಕ ಹಾಕುವ ಜೆಸಿಂತಾ ಮೇಡಂ.

ಗಡ್ಡೆಯಾಗಿದ್ದರಿಂದ ಫಕೀರಪ್ಪನ ಮೇಲ್ದವಡೆಯ ಒಂದು ಪಾಲನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಬಾಯಿಗೂ ಮೂಗಿಗೂ ನಡುವೆ ಪೊಳ್ಳು ಉಳಿಯಿತು. ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತಿತ್ತು. ಮಾತಾಡಿದರೆ ಬರೀ ಗಾಳಿ. ಹಲ್ಲಿನ ಸೆಟ್ ಮಾಡುವ ಯೂಸುಫ್ ಸಾಹೇಬ ಆ ಪೊಳ್ಳಿನ ಅಚ್ಚು ತೆಗೆದು, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಹಿಟ್ಟು ಕಲಸಿ, ಬೇಯಿಸಿ, ತಿಕ್ಕಿ ನನ್ನನ್ನು ಮಾಡಿದ. ಮೇಲೆ ಉಬ್ಬು, ಕೆಳಗೆ ಹಲ್ಲು. ನನ್ನನ್ನು ಕಂಡು ಯಾರಾದರೂ ಮುಖ ಕಿವುಚಿದರೆ ನನಗೆ ಮೈ ಉರಿಯುತ್ತದೆ. ಅವರ ಬಾಯಲ್ಲಿ ಅಂಗುಳವಿದೆ, ಅದಕ್ಕೇ ಆ ಸೊಕ್ಕು.

ಮೊದಲ ಸಲ ನನ್ನನ್ನು ಹಾಕಿಕೊಂಡ ಫಕೀರಪ್ಪ ಹೆಂಡತಿ ಶಂಕ್ರವ್ವನಿಗೆ, “ಏನ್ ನೋಡ್ತಿ, ಚಾ ತಾ” ಎಂದು ಗದರಿದ. ಅವಳು ಅಳುತ್ತಲೇ ನಕ್ಕಳು. “ಬೈರಿ, ಇನ್ನೊಂದೀಟ ಬೈರಿ” ಎಂದಳು.

ಆಮೇಲೆ ಕಿರಣದ ಚಿಕಿತ್ಸೆ. ನಾನು ಬಾಯಲ್ಲಿದ್ದಾಗಲೇ ಸ್ಕ್ಯಾನ್ ತೆಗೆದು, ಪೊಳ್ಳು ತುಂಬಿದೆ ಎಂದುಕೊಂಡೇ ಮೇಡಂ ಲೆಕ್ಕ ಹಾಕಿದ್ದರು. ಗಾಳಿಯೊಳಗಿಂದ ಬಂದ ಕಿರಣ ಮಾಂಸಕ್ಕೆ ತಗುಲಿದ ಕೂಡಲೇ ಪೂರ್ತಿ ಬಲ ತೋರಿಸುವುದಿಲ್ಲ. ಸ್ವಲ್ಪ ಒಳಗೆ ಹೋದ ಮೇಲೆಯೇ ಬಲ ಕೂಡುವುದು. ಗಡ್ಡೆಯ ಬೇರು ಉಳಿದಿದ್ದರೆ ಅದು ಪೊಳ್ಳಿನ ಅಂಚಿನಲ್ಲೇ. ನಾನಿಲ್ಲದಿದ್ದರೆ ಸಾಯಬೇಕಾದದ್ದು ಅಲ್ಲೇ ಬದುಕಿಕೊಳ್ಳುತ್ತದೆ. ಇದನ್ನು ಮೇಡಂ ಅವನಿಗೂ ಹೇಳಿದ್ದರು.

ಆದರೆ ಬಾಯಿ ಊದಿಕೊಂಡಿತು. ನನ್ನ ಒಂದು ಅಂಚು ಹಸಿಮಾಂಸಕ್ಕೆ ಒತ್ತತೊಡಗಿತು. “ಇದು ಚುಚ್ಚತೈತ್ರಿ” ಎಂದು ಅವನು ಹೇಳಿದ. “ಕಿರಣಕ್ಕೆ ಎಲ್ಲರಿಗೂ ಹುಣ್ಣಾಗುತ್ತದೆ, ತಡಕೊಳ್ಳಿ” ಎಂದು ಆಸ್ಪತ್ರೆಯವರು ಬಾಯಿ ಮುಕ್ಕಳಿಸುವ ಔಷಧಿ ಕೊಟ್ಟು ಕಳಿಸಿದರು. ನನ್ನನ್ನು ತೆಗೆದು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಅಷ್ಟು ಓದಿ ಏನು ಬಂತು?

ಅಲ್ಲಿಂದ ನಾನು ಅವನ ಅಂಗಿಯ ಜೇಬು ಸೇರಿದೆ. ಕಿರಣ ಕೊಡುವಾಗ ಮುಖದ ಮೇಲೆ ಬಿಗಿಯಾದ ಜಾಳಿಗೆಯ ಮುಖವಾಡ. ಮುಚ್ಚಿದ ಬಾಯೊಳಗೆ ಏನಿದೆ, ಏನಿಲ್ಲ ಎಂದು ಯಾರಿಗೆ ಕಾಣಬೇಕು?

ಒಂದು ದಿನ ಮತ್ತೆ ಸ್ಕ್ಯಾನ್ ತೆಗೆದರು. ನಾನಿರಬೇಕಾದ ಜಾಗ ಪರದೆಯ ಮೇಲೆ ಕಪ್ಪಗೆ ಕಂಡಿತು. ಮೇಡಂ ಓಡಿ ಬಂದರು. ಬಯ್ಯಲು ಮಾತು ಬೇಕಲ್ಲ, ಫಕೀರಪ್ಪ ಜೇಬಿನಿಂದ ನನ್ನನ್ನು ತೆಗೆದು ಹುಣ್ಣಿನ ಮೇಲೆಯೇ ಒತ್ತಿಕೊಂಡ. ಅದೇ ಆ ಜಗಳ.

“ಇಷ್ಟು ದಿನದ ಕಿರಣ ಸರಿಯಾಗಿ ಬಿದ್ದಿಲ್ಲ, ಫಕೀರಪ್ಪನವರೇ. ಲೆಕ್ಕ ಹೊಸದಾಗಿ ಹಾಕಬೇಕು. ಬೂಚು ಹಾಕಿಕೊಂಡೇ ಮಲಗಬೇಕು.”

“ಆಗೂದಿಲ್ರಿ!”

“ಬಯ್ಯೋದಕ್ಕೆ ಹಾಕ್ಕೊಂಡ್ರಲ್ಲ? ಬದುಕೋದಕ್ಕೆ ಹಾಕ್ಕೊಳ್ಳಿ!”

ಹೊರಗೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪೇಟೆಯಲ್ಲಿ ನೂರು ಜನರನ್ನು ದನಿಯಿಂದಲೇ ಸುಮ್ಮನಾಗಿಸುತ್ತಿದ್ದವನು ತಲೆ ತಗ್ಗಿಸಿದ. ಬಾಯಿಗೆ ಬೆರಳು ಹಾಕಿ ನನ್ನನ್ನು ಕಿತ್ತು ಸ್ಟೀಲ್ ತಟ್ಟೆಯಲ್ಲಿಟ್ಟ. ನನ್ನ ಅಂಚಿಗೆ ರಕ್ತ ಮೆತ್ತಿತ್ತು. ಅದನ್ನು ಕಂಡು ಮೇಡಂ ಮುಖ ಬಿಳುಚಿತು. “ಇರಿ, ತೋರಿಸಿ…” ಎಂದರು.

ಅವನು ಏನೋ ಅಂದ. ಮೂಗಿನಿಂದ ಗಾಳಿ ಬಂತು, ಅಷ್ಟೆ. ನಡೆದುಬಿಟ್ಟ.

“ಏನಂದ್ರು?” ಎಂದು ಮೇಡಂ ಶಂಕ್ರವ್ವನನ್ನು ಕೇಳಿದರು.

ಅವಳು ಆಗಲೇ ಬಾಗಿಲಲ್ಲಿದ್ದಳು. “ಹೋಗ್ತೇನಿ ಅಂದ್ರು. ಹೋಗಿ ಬರ್ತೇನಿ ಅನ್ನಲಿಲ್ರಿ” ಎಂದು ಸೆರಗು ಬಾಯಿಗೊತ್ತಿ ಅವನ ಹಿಂದೆ ಓಡಿದಳು.

ಮೇಡಂ ಅವತ್ತೇ ನನ್ನನ್ನು ಯೂಸುಫ್ ಸಾಹೇಬನ ಹತ್ತಿರ ಒಯ್ದರು. ಅವನು ಅಂಚನ್ನು ತಿಕ್ಕಿ ನುಣ್ಣಗೆ ಮಾಡಿದ. ಚಾ ಆರುವುದರೊಳಗೆ ಮುಗಿಯಿತು. ಅಷ್ಟೇ ಕೆಲಸವಿತ್ತು. ಆಮೇಲೆ ಮೇಡಂ ಫಕೀರಪ್ಪನ ಮನೆಗೆ ಎಷ್ಟೋ ಸಲ ಫೋನ್ ಮಾಡಿದರು. ಈಗ ನಾನು ಅವರ ಮೇಜಿನ ಮೇಲೆ ನೀರು ತುಂಬಿದ ಡಬ್ಬಿಯಲ್ಲಿದ್ದೇನೆ. ಒಣಗಿದರೆ ನನ್ನ ಆಕಾರ ಕೆಡುತ್ತದೆಂದು ದಿನಾ ಬೆಳಿಗ್ಗೆ ಬಂದ ಕೂಡಲೇ ನೀರು ಬದಲಿಸುತ್ತಾರೆ, ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.

ಫಕೀರಪ್ಪ ಬರಲಿಲ್ಲ.