ಸೀಸ ಕಾಯಿಸಿದ ಬಾಣಲೆ

ನಾನೊಂದು ಬೀಡಿನ ಬಾಣಲೆ. ಮರಳಿನ ಅಚ್ಚಿನೊಳಗೆ ಕೆಂಪಗೆ ಹರಿದು, ಅಲ್ಲೇ ತಣ್ಣಗಾಗಿ ಹುಟ್ಟಿದೆ. ಮೈಯೆಲ್ಲ ಒರಟು; ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಬೀಡು ಕಬ್ಬಿಣದ ಜಾತಿಯೇ ಹಾಗೆ. ಎಣ್ಣೆ ಕೊಟ್ಟರೆ ಎಣ್ಣೆ ಕುಡಿಯುತ್ತದೆ. ಬೇರೇನು ಕೊಟ್ಟರೂ ಬೇಡ ಎನ್ನುವುದಿಲ್ಲ.

ಕುಂದಾಪುರದ ಕಡೆಯ ಮೀನುಗಾರರ ಕೇರಿಯೊಂದಕ್ಕೆ ಬಂದೆ. ಮುಕಾಂಬುವಿನ ತಾಯಿ ನನ್ನಲ್ಲಿ ಕೊತ್ತಂಬರಿ, ಮೆಣಸು ಹುರಿಯುತ್ತಿದ್ದಳು. ಮನೆಯಲ್ಲಿ ಹೆರಿಗೆಯಾದರೆ ಬಾಣಂತಿ ಲೇಹ್ಯ ಕಾಯಿಸುತ್ತಿದ್ದಳು. ಕಬ್ಬಿಣದಲ್ಲಿ ಕಾಯಿಸಿದರೆ ಬಾಣಂತಿಗೆ ರಕ್ತ ಊರುತ್ತದೆ ಎಂಬುದು ಆ ಮನೆಯ ನಂಬಿಕೆ. ಮುಕಾಂಬು ಮದುವೆಯಾಗಿ ಹೋಗುವಾಗ ನನ್ನನ್ನೂ ಒಯ್ದಳು. ಅವಳ ಬಾಣಂತನದ ಲೇಹ್ಯವೂ ನನ್ನಲ್ಲೇ ಆಯಿತು.

ಮಗಳು ಸುಗುಣ ಅಂಬೆಗಾಲಿಡುವ ಕಾಲಕ್ಕೆ ನಾನು ಕಲ್ಲಿನ ಮೇಲೆ ಬಿದ್ದು ಒಂದು ಕಿವಿ ಮುರಿಯಿತು. ಒಲೆಯಿಂದ ನೆಟ್ಟಗೆ ಇಳಿಸಲು ಬಾರದ ಪಾತ್ರೆ ಅಡುಗೆಮನೆಗೆ ಬೇಡವಾಯಿತು. ಗಂಡ ಹೆರಿಯಣ್ಣ ನನ್ನನ್ನು ಹಿತ್ತಲಿಗೆ ಒಯ್ದ. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಅವನು ಅಲ್ಲೇ ಎರೆಯುತ್ತಿದ್ದ. ಹಳೆಯ ಪೈಪಿನ ತುಂಡು, ಸವೆದ ಗುಂಡು, ಎಲ್ಲವೂ ನನ್ನಲ್ಲಿ ಕರಗುತ್ತಿದ್ದವು. ಮೇಲೆ ಬೂದು ಬಣ್ಣದ ಕೆನೆ. ಅದನ್ನು ಸರಿಸಿದರೆ ಕೆಳಗೆ ಕನ್ನಡಿ. ಅವನು ಗಾಳಿಗೆ ಬೆನ್ನು ಮಾಡಿ ಕೂರುತ್ತಿದ್ದ. ಸೀಸ ವಿಷವೆಂದು ಅಂಗಿ ಹೊರಗೇ ಬಿಚ್ಚಿ, ಕೈ ತೊಳೆದು ಒಳಗೆ ಹೋಗುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ.

ಸುಗುಣ ಹೆರಿಗೆಗೆ ತವರಿಗೆ ಬಂದಳು. ಹೆತ್ತ ಮೇಲೆ ಮುಖ ಬಿಳಿಚಿಕೊಂಡಿತ್ತು, ಎದ್ದರೆ ತಲೆಸುತ್ತು. ಮನೆಯಲ್ಲಿ ಈಗ ಇದ್ದದ್ದು ಸ್ಟೀಲು, ಅಲ್ಯೂಮಿನಿಯಂ ಮಾತ್ರ. ಹೆರಿಯಣ್ಣ ಕಡಲಿಗೆ ಹೋಗಿದ್ದ ಒಂದು ಬೆಳಿಗ್ಗೆ ಮುಕಾಂಬು ನನ್ನನ್ನು ಒಳಗೆ ತಂದಳು. ಬೂದಿ, ತೆಂಗಿನ ನಾರು ಹಾಕಿ ಮೂರು ಸಲ ತಿಕ್ಕಿದಳು. ಹುಣಸೆಹಣ್ಣು ಉಜ್ಜಿದಳು. ಎಣ್ಣೆ ಸವರಿ ಕಾಯಿಸಿದಳು. ಮಧ್ಯಾಹ್ನದ ಹೊತ್ತಿಗೆ ಬೆಲ್ಲ, ಶುಂಠಿ, ಮೆಂತ್ಯ, ತುಪ್ಪ ನನ್ನಲ್ಲಿ ಕುದಿಯುತ್ತಿದ್ದವು. ಆ ಪರಿಮಳ ನನಗೆ ಹಿತವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಲೇಹ್ಯದ ಮೊದಲ ಉಂಡೆ ಸುಗುಣಳ ಕೈಯಲ್ಲಿದ್ದಾಗ ಹೆರಿಯಣ್ಣ ಬಾಗಿಲಿಗೆ ಬಂದ. ಒಲೆಯ ಮೇಲೆ ನನ್ನನ್ನು ಕಂಡ.

"ಬಾಯಿಗ್ ಹಾಕ್ಬೇಡ ಮಗಾ! ಕೆಳ್ಗಿಡ್ ಅದನ್ನ!"

"ಹ್ವಾಯ್, ಎಂತಕ್ಕೆ ಬೊಬ್ಬೆ ಹೊಡಿತ್ರಿ?" ಎಂದಳು ಮುಕಾಂಬು. "ಮೂರ್ ಸಲ ತಿಕ್ಕಿದ್ದೆ. ನಿಮ್ಮ್ ಮುಖ ಕಾಂತ್ ಅದ್ರೊಳ್ಗೆ, ಬಗ್ಗಿ ಕಾಣಿ!"

ಅವನು ವಾದಕ್ಕೆ ನಿಲ್ಲಲಿಲ್ಲ. ಮಗುವಿನ ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದು, ಲೇಹ್ಯ ತಾಗದ ಕಡೆ ನನ್ನ ಒಳಮೈಯನ್ನು ಒತ್ತಿ ಒರೆಸಿದ. ಬಟ್ಟೆಯ ಮೇಲೆ ಬೂದು ಗೆರೆಯೊಂದು ಮೂಡಿತು.

"ಅದ್ ಮಸಿ," ಎಂದಳು ಮುಕಾಂಬು.

"ಇರ್ಲಕ್ಕ್. ಸೀಸವೂ ಇರ್ಲಕ್ಕ್. ಎಂತದ್ ಅಂದೇಳಿ ನೀನೇ ಹೇಳ್ ಕಾಂಬ."

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಗೊತ್ತಾತಿಲ್ಲ."

"ನಂಗೂ ಗೊತ್ತಾತಿಲ್ಲ. ಅವ್ಳ್ ತಿಂದದ್ದ್ ಹಾಲಿನೊಟ್ಟಿಗೆ ಶಿಶುಗೂ ಹೋತ್ತ್."

ಮುಕಾಂಬು ಮಗಳ ಕೈಯಿಂದ ಉಂಡೆ ತೆಗೆದುಕೊಂಡಳು. ತಾನೇ ಹಿತ್ತಲಲ್ಲಿ ಹೊಂಡ ತೋಡಿ ಎಲ್ಲವನ್ನೂ ಸುರಿದು ಮಣ್ಣು ಮುಚ್ಚಿದಳು. ಕೋಳಿ ಕೆದಕದಂತೆ ಮೇಲೊಂದು ಕಲ್ಲಿಟ್ಟಳು. ಆಮೇಲೆ ಸಿಟ್ಟೆಲ್ಲ ಹೊರಗೆ ಬಂತು.

"ಕಿವಿ ಮುರ್ದಾಗ್ಳೇ ಗುಜ್ರಿಗ್ ಹಾಕುಕಾಗ್ದಿತ್ತಾ? ನಿಮ್ಗ್ ಒಂದೂ ಬಿಸಾಡಿ ಗೊತ್ತಿಲ್ಲ!"

ಹೆರಿಯಣ್ಣ ಉಳಿ, ಸುತ್ತಿಗೆ ತಂದ. ಅಷ್ಟರಲ್ಲಿ ಅವಳ ದನಿ ತಗ್ಗಿತ್ತು. "ಬಲೆ ಗುಂಡ್ ಎರೆಯುಕೆ ಎಂತ ಮಾಡ್ತ್ರಿ?"

"ಬೇರೆ ಕಾಂಬ," ಎಂದು ಅವನು ನನ್ನ ತಳಕ್ಕೆ ಬಲವಾಗಿ ಹೊಡೆದ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ.

ಸುಗುಣ ಆರೋಗ್ಯ ಕೇಂದ್ರದ ಮಾತ್ರೆ ನುಂಗಿ ನಿಧಾನವಾಗಿ ಚೇತರಿಸಿಕೊಂಡಳು. ನಾನು ಹಿತ್ತಲ ಗೋಡೆಯ ಬುಡದಲ್ಲಿ ಬೋರಲಾಗಿ ಬಿದ್ದಿದ್ದೇನೆ. ಒಣಮೀನು ಹರವಲು ಬಂದಾಗ ಮುಕಾಂಬು ಒಮ್ಮೊಮ್ಮೆ ನನ್ನ ಬಳಿ ನಿಲ್ಲುತ್ತಾಳೆ. ತಿಕ್ಕುವುದರಲ್ಲಿ ಅವಳು ಏನೂ ಕಡಿಮೆ ಮಾಡಿರಲಿಲ್ಲ. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ತಿಕ್ಕಿದ್ದಿಲ್ಲ. ಸೀಸಕ್ಕೆ ಅಕ್ಕರೆ ತಿಳಿಯದು. ನನಗೆ ತಿಳಿಯುತ್ತದೆ, ಅದಕ್ಕೇ ತಳ ಒಡೆದದ್ದಕ್ಕೆ ನನ್ನ ದೂರಿಲ್ಲ.